ಗಾಜಿನ ಊರಿನಲ್ಲಿ ಎರಡು ದಿನ

ನ್ಯೂಯಾರ್ಕ್ ಎಂದೊಡನೆ ನಮ್ಮವರ ಕಣ್ಣೆದುರು ಬಂದು ನಿಲ್ಲುವುವು ಮುಗಿಲು ಮುಟ್ಟುವ ಕಟ್ಟಡಗಳು, ಪಂಜು ಹಿಡಿದ ಸ್ವಾತಂತ್ರ್ಯ ದೇವಿ, ಬೀದಿಯ ತುಂಬ ಹಳದಿ ಟ್ಯಾಕ್ಸಿಗಳು. ಆ ಹೆಸರಿನ ನಗರವಿರುವಂತೆ ಅದೇ ಹೆಸರಿನ ರಾಜ್ಯವೊಂದೂ ಉಂಟೆಂಬುದನ್ನು, ಆ ರಾಜ್ಯದ ಬಹುಭಾಗವೆಲ್ಲ ದನ ಮೇಯುವ ಹುಲ್ಲುಗಾವಲು, ಮೇಪಲ್ ಮರಗಳ ಗುಡ್ಡ, ಸಣ್ಣಪುಟ್ಟ ಹೊಳೆಗಳಿಂದ ಕೂಡಿದುದೆಂಬುದನ್ನು ನೆನೆಯುವವರು ಕಡಿಮೆ. ಮಹಾನಗರದಿಂದ ಸುಮಾರು 400 ಕಿಲೋಮೀಟರು ವಾಯವ್ಯಕ್ಕೆ, ಶೆಮಂಗ್ ಎಂಬ ಹೊಳೆಯ ದಂಡೆಯ ಮೇಲೆ, ಕಾರ್ನಿಂಗ್ ಎಂಬ ಊರಿದೆ. 2020ರ ಗಣತಿಯಂತೆ ಅಲ್ಲಿಯ ಜನಸಂಖ್ಯೆ 10,500ರ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ಹೋಬಳಿಯ ಊರು. ಆದರೆ ಈ ಊರಿನ ಹೆಸರನ್ನು ಹೊತ್ತ ಕಂಪನಿಯ ಗಾಜನ್ನು ವಾಚಕರಲ್ಲಿ ಬಹುಮಂದಿ ದಿನಕ್ಕೆ ನೂರಾರು ಬಾರಿ ಬೆರಳಿನಿಂದ ಸವರುತ್ತಿರುತ್ತಾರೆ. ನಮ್ಮ ಕಡೆ ಗಾಜನೂರು ಎಂಬ ಹೆಸರಿನ ಊರುಗಳಿವೆ. ಹೆಸರಿಗೆ ತಕ್ಕ ಗಾಜಿನ ಊರನ್ನು ಕಾಣಬೇಕಾದರೆ ಇಷ್ಟು ದೂರ ಬರಬೇಕು.

ಬಿಂಗ್‌ಹ್ಯಾಂಟನ್ನಿನಲ್ಲಿ ನನ್ನ ಅಕ್ಕ ಭಾವ ಇದ್ದಾರೆ. ಕಾಲೇಜಿನ ಬೇಸಗೆ ರಜೆಯಲ್ಲಿ ಅವರ ಮನೆಗೆ ಹೋಗಿದ್ದೆ. ಅಲ್ಲಿಂದ ಕಾರ್ನಿಂಗಿಗೆ ಕಾರಿನಲ್ಲಿ ಒಂದೂವರೆ ಗಂಟೆಯೊಳಗಿನ ಹಾದಿ. ಹೋಗುವ ಯೋಚನೆ ಬಂದದ್ದು ಅಕ್ಕನ ಫೋನಿನ ದೆಸೆಯಿಂದ. ಅದರ ಗಾಜು ಎಡಬಲದ ಅಂಚುಗಳಲ್ಲಿ ಎಳೆಯ ಬಾಳೆಲೆಯಂತೆ ಕೆಳಕ್ಕೆ ಬಾಗಿತ್ತು. ಅಡಿಗೆಮನೆಯ ಕಟ್ಟೆಯ ಮೇಲಿಂದ ಒಮ್ಮೆ ಜಾರಿತು, ಬಾಗಿದ ಕಡೆಯೇ ನೆಲಕ್ಕೆ ತಾಕಿತು, ಮೂಲೆಯಿಂದ ಮೂಲೆಗೆ ಜೇಡನ ಬಲೆ ಹಬ್ಬಿತು. ರಿಪೇರಿಯವನು ಕೇಳಿದ ಹಣ ಹೊಸ ಫೋನಿನ ಬೆಲೆಯ ಮೂರನೆಯ ಒಂದು ಭಾಗ. ಅದು ಯಾವ ಕಂಪನಿಯದೆಂಬುದು ಇಲ್ಲಿ ಅಪ್ರಸ್ತುತ. ಒಂದು ಕಾಲದಲ್ಲಿ ಹಲವು ಕಂಪನಿಗಳು ಅಂಥವನ್ನೇ ಮಾಡುತ್ತಿದ್ದವು.

“ಗಾಜನ್ನು ಬಗ್ಗಿಸೋ ಬುದ್ಧಿ ಯಾರಿಗೆ ಬಂತೋ ಏನೋ! ಗಾಜಿನ ಊರು ಅಂತ ಒಂದು ಹತ್ತಿರದಲ್ಲೇ ಇದೆಯಂತೆ. ನಡಿಯೋ, ನೋಡಿಕೊಂಡಾದರೂ ಬರೋಣ” ಎಂದಳು ಅಕ್ಕ.

“ಬಗ್ಗಿಸಿದವರು ಬೇರೆ ಕಣೆ. ಅಲ್ಲಿಯವರು ಚಪ್ಪಟೆ ಮಾಡಿದವರು” ಎಂದರು ಭಾವ. ಎಂಜಿನಿಯರ್ ಆದ ಅವರು ಈ ಮಾತನ್ನು ಸಹಜವಾಗಿಯೇ ಆಡಿದ್ದರು. ಆದರೆ ಎರಡು ದಿನ ನಾನು ಆ ಊರಿನಲ್ಲಿ ಏನನ್ನು ಕಂಡೆನೋ ಅದರ ಸಾರವೆಲ್ಲ ಆ ಒಂದು ವಾಕ್ಯದಲ್ಲಿತ್ತು.

ದಾರಿಯಲ್ಲಿ ಎಲ್ಮೈರ ಸಿಕ್ಕಿತು. ಮಾರ್ಕ್ ಟ್ವೇನನ ಸಮಾಧಿ ಇರುವ ಊರು ಅದು. ಸಾಹಿತ್ಯದ ಅಧ್ಯಾಪಕನಾದವನು ಅಲ್ಲಿ ಇಳಿಯದೆ ಮುಂದೆ ಸಾಗುವುದು ಹೇಗೆ? ಇಳಿದು ಕೈಮುಗಿದೆ. ಮಳೆ ಹನಿಯತೊಡಗಿದುದರಿಂದ ಬೇಗನೆ ಹಿಂದಿರುಗಿದೆ.

ಕಾರ್ನಿಂಗಿಗೆ ಹೊಕ್ಕೊಡನೆ ಮೊದಲು ಕಣ್ಣಿಗೆ ಬೀಳುವುದು ಬಿಳಿಯ ಗೋಪುರವೊಂದು. ಎತ್ತರ 180 ಅಡಿಗೂ ಮಿಕ್ಕಿದ್ದು. ಅದರ ಮೈಮೇಲೆ ಊದುಗೊಳವೆ ಹಿಡಿದ ಗಾಜಿನ ಕೆಲಸಗಾರನೊಬ್ಬನ ನೀಲಿ ಆಕೃತಿ. ಊರಿನವರು ಅವನನ್ನು ‘ಪುಟ್ಟ ಜೋ’ ಎಂದು ಕರೆಯುತ್ತಾರೆ. ದೂರದಿಂದ ನೋಡಿದವರು ಇದನ್ನು ಇಗರ್ಜಿಯ ಗೋಪುರವೆಂದೋ ನೀರಿನ ಟ್ಯಾಂಕೆಂದೋ ತಿಳಿಯಬಹುದು. ಇದು ಥರ್ಮಾಮೀಟರಿನ ಗಾಜಿನ ನಳಿಗೆಯನ್ನು ಎಳೆಯುವುದಕ್ಕೆಂದು ಕಟ್ಟಿದ ಗೋಪುರ. ಕಾದ ಗಾಜನ್ನು ಕೆಳಗಿನಿಂದ ನೇರ ಮೇಲಕ್ಕೆ ಜಗ್ಗಿದರೆ ಜಡೆಯಂತೆ ನೀಳವಾದ ಕೊಳವೆ ಬರುತ್ತದೆ. ಈಗ ಆ ಕೆಲಸ ನಿಂತುಹೋಗಿ ಎಷ್ಟೋ ವರ್ಷಗಳಾದವು. ಜೋ ಮಾತ್ರ ಊದುತ್ತಲೇ ಇದ್ದಾನೆ.

ಗಾಜಿನ ಕಂಪನಿ ಆರಂಭವಾದದ್ದು 1851ರಲ್ಲಿ. ಬ್ರೂಕ್ಲಿನ್ನಿನಿಂದ ಈ ಊರಿಗೆ ಬಂದದ್ದು 1868ರಲ್ಲಿ; ಪೆನ್ಸಿಲ್ವೇನಿಯದ ಕಲ್ಲಿದ್ದಲು ಇಲ್ಲಿಗೆ ಹತ್ತಿರವೆಂಬುದು ಒಂದು ಕಾರಣ. ಎಡಿಸನ್ನನ ವಿದ್ಯುದ್ದೀಪಕ್ಕೆ ಗಾಜಿನ ಬುರುಡೆಯನ್ನು ಊದಿಕೊಟ್ಟವರು ಇಲ್ಲಿಯವರು. ರೈಲ್ವೆಯ ಲಾಂದ್ರಗಳು ಬಿಸಿಯಾಗಿದ್ದಾಗ ಮಳೆ ಹನಿ ಬಿದ್ದು ಸಿಡಿಯುತ್ತಿದ್ದುದನ್ನು ತಡೆಯಲು ಹೊಸ ಗಾಜನ್ನು ಕಂಡುಹಿಡಿದವರೂ ಇಲ್ಲಿಯವರೇ. ಅಂಥ ಗಾಜಿನಿಂದ ಪೈರೆಕ್ಸ್ ಪಾತ್ರೆ ಹುಟ್ಟಿದ ಕಥೆಯನ್ನು ಗೃಹಿಣಿಯರು ಕೇಳಲೇಬೇಕು. 1913ರಲ್ಲಿ ಲಿಟಲ್‌ಟನ್ ಎಂಬ ವಿಜ್ಞಾನಿಯ ಹೆಂಡತಿ ಬೆಸ್ಸಿ, ತನ್ನ ಮಣ್ಣಿನ ಬೇಯಿಸುವ ಪಾತ್ರೆ ಒಡೆದುದಕ್ಕಾಗಿ ಬೇರೇನಾದರೂ ತಂದುಕೊಡೆಂದು ಗಂಡನಿಗೆ ಹೇಳಿದಳಂತೆ. ಆತ ಕಾರ್ಖಾನೆಯಿಂದ ಬ್ಯಾಟರಿಯ ಗಾಜಿನ ಜಾಡಿಯೊಂದರ ತಳವನ್ನು ಕತ್ತರಿಸಿ ತಂದ. ಆಕೆ ಅದರಲ್ಲಿ ಕೇಕ್ ಬೇಯಿಸಿದಳು. ಕೇಕೂ ಕೆಡಲಿಲ್ಲ, ಗಾಜೂ ಒಡೆಯಲಿಲ್ಲ. ಎರಡು ವರ್ಷಕ್ಕೆ ಪೈರೆಕ್ಸ್ ಅಂಗಡಿಗೆ ಬಂತು.

ಊರಿನ ಮುಖ್ಯಬೀದಿಯ ಹೆಸರು ಮಾರ್ಕೆಟ್ ಸ್ಟ್ರೀಟ್. ಇಬ್ಬದಿಯಲ್ಲೂ ಕೆಂಪು ಇಟ್ಟಿಗೆಯ ಹಳೆಯ ಕಟ್ಟಡಗಳು, ಅವುಗಳ ಕೆಳಗೆ ಗಾಜಿನ ಅಂಗಡಿ, ಕಾಫಿಯ ಅಂಗಡಿ. ಎಲ್ಲವೂ ಒಪ್ಪವಾಗಿವೆ, ಈ ಒಪ್ಪದ ಹಿಂದೆ ಒಂದು ದುರಂತವಿದೆ. 1972ರ ಜೂನ್ 23ರಂದು, ಆಗ್ನೆಸ್ ಎಂಬ ಚಂಡಮಾರುತದ ಮಳೆಯಿಂದ ಶೆಮಂಗ್ ಹೊಳೆ ಏರಿಗಳನ್ನು ಮೀರಿ ಊರನ್ನು ಹೊಕ್ಕಿತು. ಪ್ರಾಣಹಾನಿಯಾಯಿತು, ಮನೆಗಳು ಹೋದುವು. ಗಾಜಿನ ವಸ್ತುಸಂಗ್ರಹಾಲಯದೊಳಗೆ ಐದಡಿಗೂ ಮಿಕ್ಕು ಕೆಸರುನೀರು ನಿಂತಿತು. ಒಡೆದ ಪಾತ್ರೆಗಳ ಚೂರುಗಳನ್ನು ಕೆಸರಿನಿಂದ ಆಯ್ದು ಜೋಡಿಸಿದರು. ಗ್ರಂಥಭಂಡಾರದ ನೆನೆದ ಪುಸ್ತಕಗಳಿಗೆ ಬೂಷ್ಟು ಹಿಡಿಯದಿರಲೆಂದು ಅವನ್ನು ಮಂಜುಗಡ್ಡೆಯಾಗುವಂತೆ ಶೀತಾಗಾರಗಳಲ್ಲಿಟ್ಟು, ಆಮೇಲೆ ನಿಧಾನವಾಗಿ ಒಂದೊಂದನ್ನೇ ಒಣಗಿಸಿದರು. ಪುಸ್ತಕವನ್ನು ಉಳಿಸುವ ಸಲುವಾಗಿ ಇಷ್ಟು ಪಾಡು ಪಟ್ಟ ಊರಿನ ಮೇಲೆ ನನಗೆ ಒಲವು ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ವಸ್ತುಸಂಗ್ರಹಾಲಯ ತೆರೆದದ್ದು 1951ರಲ್ಲಿ, ಕಂಪನಿಗೆ ನೂರು ವರ್ಷ ತುಂಬಿದಾಗ. ಮೂವತ್ತೈದು ಶತಮಾನಗಳ ಗಾಜು ಅಲ್ಲಿದೆ. ಈಜಿಪ್ಟಿನ ರಾಜನೊಬ್ಬನ ಹೆಬ್ಬೆರಳ ಗಾತ್ರದ ತಲೆಯಿಂದ ಮೊದಲ್ಗೊಂಡು ನಿನ್ನೆ ಮೊನ್ನೆಯ ಕಲಾವಿದರ ಕೃತಿಗಳವರೆಗೆ ಒಂದನ್ನೂ ಬಿಡದೆ ನೋಡಬೇಕೆಂದರೆ ವಾರ ಸಾಲದು. ನಾನು ನೋಡುತ್ತ ಹೋದಂತೆ ಒಂದು ಸಂಗತಿ ಮೆಲ್ಲನೆ ಮನಸ್ಸಿಗೆ ಹೊಳೆಯಿತು. ಹೂಜಿ, ಬಟ್ಟಲು, ಮಣಿ, ಬಳೆ, ಅತ್ತರಿನ ಕುಪ್ಪಿ, ಮದಿರೆಯ ಪಾತ್ರೆ, ಎಲ್ಲವೂ ದುಂಡು! ಎಲ್ಲವೂ ಬಾಗು! ಸಾವಿರಾರು ವರ್ಷಗಳ ವಸ್ತುಗಳ ನಡುವೆ ಸಪಾಟಾದ ಒಂದು ಹಾಳೆ ಗಾಜು ಕಾಣಬೇಕಾದರೆ ಹುಡುಕಬೇಕು.

ಕಾರಣವೇನೆಂಬುದು ಕುಲುಮೆಯ ಮುಂದೆ ಕುಳಿತಾಗ ತಿಳಿಯಿತು. ಸಂಗ್ರಹಾಲಯದೊಳಗೇ ರಂಗಮಂದಿರದಂತೆ ಮೆಟ್ಟಿಲು ಮೆಟ್ಟಿಲಾಗಿ ಆಸನಗಳಿರುವ ಕಡೆ, ನುರಿತ ಕೆಲಸಗಾರರು ಜನರ ಎದುರಿಗೆ ಗಾಜು ಊದುತ್ತಾರೆ. ಕುಲುಮೆಯಲ್ಲಿ 1,100 ಡಿಗ್ರಿಗೂ ಮಿಕ್ಕ ಶಾಖ. ಕಬ್ಬಿಣದ ಕೊಳವೆಯ ತುದಿಗೆ ಕಾದ ಗಾಜನ್ನು ಕಾಕಂಬಿಯಂತೆ ಸುತ್ತಿ ಹೊರತೆಗೆದು, ಇನ್ನೊಂದು ತುದಿಯಿಂದ ಊದಿದ ಆ ತರುಣ. ಸೌದೆ ಒಲೆಯ ಮುಂದೆ ಕುಳಿತು ಊದುಗೊಳವೆಯನ್ನು ಹಿಡಿದ ನಮ್ಮ ಅಜ್ಜಿಯ ನೆನಪಾಯಿತು. ವ್ಯತ್ಯಾಸವಿಷ್ಟೆ, ಅಜ್ಜಿಯ ಉಸಿರಿಗೆ ಬೆಂಕಿ ಏಳುತ್ತಿತ್ತು, ಇವನ ಉಸಿರಿಗೆ ಗಾಜು ಉಬ್ಬಿತು. ಬಿಟ್ಟರೆ ಜೋಲುತ್ತದೆ, ತಿರುಗಿಸಿದರೆ ದುಂಡಾಗುತ್ತದೆ. ಕಾದ ಗಾಜಿಗೆ ದುಂಡಾಗುವುದು ಹುಟ್ಟುಗುಣ. ಮೂಲೆ, ಅಂಚು, ಸಮತಲ ಇವು ಅದಕ್ಕೆ ಒಗ್ಗುವುವಲ್ಲ.

ಆದುದರಿಂದ ಮನುಷ್ಯ ಗಾಜನ್ನು ಚಪ್ಪಟೆ ಮಾಡುವುದಕ್ಕೆ ಪಟ್ಟ ಪಾಡು ಒಂದು ದೊಡ್ಡ ಕಥೆ. ಮೊದಲು ಗುಳ್ಳೆಯನ್ನು ಊದಿ, ಬಾಯಿ ತೆರೆದು, ಗರಗರನೆ ತಿರುಗಿಸಿ ತಟ್ಟೆಯಂತೆ ಹರಡುತ್ತಿದ್ದರು. ನಡುವೆ ಸರಳು ಅಂಟಿದ್ದ ಕಡೆ ದಪ್ಪ ಗಂಟು ಉಳಿಯುತ್ತಿತ್ತು. ಗಂಟಿದ್ದ ಚೂರನ್ನು ಅಗ್ಗದ ಕಿಟಕಿಗಳಿಗೆ ಹಾಕುತ್ತಿದ್ದರು. ಮತ್ತೊಂದು ವಿಧಾನದಲ್ಲಿ ಉದ್ದನೆಯ ಸಿಲಿಂಡರನ್ನು ಊದಿ, ಉದ್ದಕ್ಕೆ ಸೀಳಿ, ಮತ್ತೆ ಕಾಯಿಸಿ, ಬಿಚ್ಚಿ ಹಾಸುತ್ತಿದ್ದರು. 1851ರಲ್ಲಿ ಲಂಡನ್ನಿನಲ್ಲಿ ಎದ್ದ ಸ್ಫಟಿಕ ಸೌಧಕ್ಕೆ ಬೇಕಾದ ಲಕ್ಷಗಟ್ಟಲೆ ಗಾಜಿನ ಹಾಳೆಗಳು ಹೀಗೆ ಬಾಯಿಂದ ಊದಿದ ಸಿಲಿಂಡರುಗಳಿಂದ ಬಂದವು. ಅದರ ಮಾದರಿಯನ್ನು ನೋಡಿಯೇ ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರ ಹಾಕಿದ್ದು. ಮುಂದೆ 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿಯವರು ಕರಗಿದ ತವರದ ಮೇಲೆ ಗಾಜನ್ನು ತೇಲಿಬಿಟ್ಟು ಹಾಳೆ ತೆಗೆಯುವ ವಿಧಾನವನ್ನು ಲೋಕಕ್ಕೆ ಸಾರಿದರು. ನಮ್ಮ ಮನೆಯ ಕಿಟಕಿಗಳಿಗೆ ಇಂದು ಬರುವುದು ಬಹುಮಟ್ಟಿಗೆ ಅದೇ.

ಕಾರ್ನಿಂಗಿನವರು ಮತ್ತೊಂದು ದಾರಿ ಹಿಡಿದರು. ಇದನ್ನು ಬಣ್ಣಿಸುವುದಕ್ಕೆ ಅಡಿಗೆಮನೆಯ ಹೋಲಿಕೆಯೇ ಸರಿ. ಗೃಹಪ್ರವೇಶದ ದಿನ ಹಾಲುಕ್ಕಿಸುತ್ತೇವಷ್ಟೆ? ಉಕ್ಕಿದ ಹಾಲು ಪಾತ್ರೆಯ ಎರಡೂ ಬದಿಯಲ್ಲಿ ಇಳಿಯುತ್ತದೆ. ಪಾತ್ರೆ ಉದ್ದನೆಯ ದೋಣಿಯಾಗಿದ್ದು, ಅದರ ತಳ ಚೂಪಾಗಿದೆಯೆಂದು ಭಾವಿಸಿ. ದೋಣಿಯ ತುಂಬ ಕರಗಿದ ಗಾಜು. ಅದು ಎರಡು ಕಟಬಾಯಿಯಿಂದಲೂ ಸಮನಾಗಿ ಉಕ್ಕಿ, ಎರಡು ತೆರೆಗಳಾಗಿ ಇಳಿದು, ಚೂಪಾದ ತಳದಲ್ಲಿ ಕೂಡಿ ಒಂದೇ ಹಾಳೆಯಾಗಿ ಗಾಳಿಯಲ್ಲಿ ಕೆಳಕ್ಕೆ ಹರಿಯುತ್ತದೆ. ದೋಣಿಗೆ ತಾಕಿದ ಮೈ ಒಳಗೆ ಬೆಸೆದುಹೋಯಿತು. ಹೊರಮೈಗೆ ಗಾಳಿಯ ಹೊರತು ಬೇರೆ ಯಾವುದೂ ಸೋಂಕಲಿಲ್ಲ. ಉಜ್ಜುವುದೂ ಬೇಡ, ಹೊಳಪು ಕೊಡುವುದೂ ಬೇಡ. ಯಾರೂ ಮುಟ್ಟದ ಗಾಜು! ಇದರಷ್ಟು ಮಡಿಯಾದ ವಸ್ತು ನಮ್ಮ ಮಠಗಳಲ್ಲಿಯೂ ಸಿಕ್ಕಲಾರದು.

ಸಂಗ್ರಹಾಲಯದ ವಿಜ್ಞಾನ ವಿಭಾಗದಲ್ಲಿ ಒಂದು ಬೃಹದಾಕಾರದ ಗಾಜಿನ ಚಕ್ರ ಗೋಡೆಗೆ ಒರಗಿ ನಿಂತಿದೆ. ಅಡ್ಡಳತೆ 200 ಅಂಗುಲ, ತೂಕ ಸುಮಾರು 20 ಟನ್ನು. ಕ್ಯಾಲಿಫೋರ್ನಿಯದ ಪಾಲೊಮಾರ್ ಬೆಟ್ಟದ ದೂರದರ್ಶಕಕ್ಕೆಂದು 1934ರ ಮಾರ್ಚಿನಲ್ಲಿ ಎರಕ ಹೊಯ್ದದ್ದು. ಹೊಯ್ಯುವಾಗ ಅಚ್ಚಿನೊಳಗಿನ ದಿಂಡುಗಳು ಕಿತ್ತು ತೇಲಿಬಂದವು, ಗಾಜು ಕೆಟ್ಟಿತು. ಅದೇ ಡಿಸೆಂಬರಿನಲ್ಲಿ ಎರಡನೆಯದನ್ನು ಹೊಯ್ದು, ಸಿಡಿಯದಿರಲೆಂದು ಹತ್ತು ತಿಂಗಳ ಕಾಲ ತಣಿಯಬಿಟ್ಟರು. ನಡುವೆ 1935ರ ಪ್ರವಾಹ ಕುಲುಮೆಯ ವಿದ್ಯುತ್ತನ್ನು ಮೂರು ದಿನ ಕೆಡಿಸಿತು. ಆದರೂ ಆ ಗಾಜು ಉಳಿಯಿತು, ರೈಲಿನಲ್ಲಿ ಪಯಣ ಮಾಡಿತು, 1948ರಿಂದ ನಕ್ಷತ್ರಗಳನ್ನು ನೋಡುತ್ತಿದೆ. ಕೆಟ್ಟದ್ದು ಇಲ್ಲಿ ನಿಂತಿದೆ. ಗೆದ್ದದ್ದಕ್ಕಿಂತ ಸೋತದ್ದನ್ನೇ ಹೆಮ್ಮೆಯಿಂದ ತೋರುವ ವಸ್ತುಸಂಗ್ರಹಾಲಯ ನನಗೆ ತಿಳಿದಂತೆ ಮತ್ತೊಂದಿಲ್ಲ.

ಇನ್ನು ಒಡೆಯುವ ವಿಷಯ. ಗಾಜು ಹೇಗೆ ಒಡೆಯುತ್ತದೆಂಬುದನ್ನು ತೋರಿಸುವ ಪ್ರದರ್ಶನವೂ ಇಲ್ಲಿ ಉಂಟು. ಕರಗಿದ ಗಾಜಿನ ಹನಿಯೊಂದು ನೀರಿಗೆ ಬಿದ್ದರೆ ಬಾಲವುಳ್ಳ ಗೊದಮೊಟ್ಟೆಯಂತೆ ಗಟ್ಟಿಯಾಗುತ್ತದೆ. ಅದರ ತಲೆಗೆ ಸುತ್ತಿಗೆಯಿಂದ ಹೊಡೆದರೂ ಒಡೆಯದು. ಬಾಲವನ್ನು ಚಿವುಟಿದರೆ ಇಡಿಯದೂ ಪುಡಿಪುಡಿಯಾಗಿ ಸಿಡಿಯುತ್ತದೆ. ಹದಿನೇಳನೆಯ ಶತಮಾನದಲ್ಲಿ ಇದನ್ನು ಇಂಗ್ಲೆಂಡಿನ ಆಸ್ಥಾನಕ್ಕೆ ತಂದ ರಾಜಕುಮಾರ ರೂಪರ್ಟನ ಹೆಸರೇ ಇದಕ್ಕೆ ಉಳಿದಿದೆ. ಗುಟ್ಟೇನೆಂದರೆ, ನೀರಿಗೆ ಬಿದ್ದೊಡನೆ ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ತಣಿದು ಕುಗ್ಗುತ್ತ ಹೊರಮೈಯನ್ನು ಬಿಗಿಯಾಗಿ ಒಳಕ್ಕೆ ಸೆಳೆಯುತ್ತದೆ. ಗಾಜಿನಲ್ಲಿ ಬಿರುಕು ಹುಟ್ಟುವುದು ಮೈಮೇಲಿನ ಗೀರಿನಿಂದ. ಹೊರಮೈ ಬಿಗಿಯಾಗಿ ಒತ್ತಿಕೊಂಡಿದ್ದರೆ ಗೀರು ಬಾಯಿ ತೆರೆಯಲಾರದು.

ಫೋನಿನ ಗಾಜಿಗೆ ಇದೇ ಬಿಗಿಯನ್ನು ರಸಾಯನದಿಂದ ಕೊಡುತ್ತಾರೆ. ಗಾಜಿನ ಹಾಳೆಯನ್ನು ಸುಮಾರು 400 ಡಿಗ್ರಿಗೆ ಕಾಯಿಸಿ ಕರಗಿಸಿದ ಪೆಟ್ಲುಪ್ಪಿನಲ್ಲಿ ಮುಳುಗಿಸುತ್ತಾರೆ. ಜಾತ್ರೆಯಲ್ಲಿ ಪಟಾಕಿಗೆ ಬಳಸುವ ಪೆಟ್ಲುಪ್ಪೇ. ಗಾಜಿನ ಮೈಯಲ್ಲಿರುವ ಸೋಡಿಯಂ ಕಣಗಳು ಹೊರಬಂದು, ಅವುಗಳ ಜಾಗದಲ್ಲಿ ಪೆಟ್ಲುಪ್ಪಿನ ಪೊಟ್ಯಾಸಿಯಂ ಕಣಗಳು ಕೂರುತ್ತವೆ. ಇವು ಅವಕ್ಕಿಂತ ದಪ್ಪ. ಸರ್ಕಾರಿ ಬಸ್ಸಿನ ಮೂವರ ಸೀಟಿನಿಂದ ಮೂರು ಮಂದಿ ನರಪೇತಲ ವಿದ್ಯಾರ್ಥಿಗಳು ಎದ್ದು, ಮೂವರು ಸ್ಥೂಲಕಾಯದ ಸಾಹುಕಾರರು ಬಂದು ಕೂತರೆ ಏನಾಗುತ್ತದೆ? ಯಾರೂ ಅಲುಗಾಡುವಂತಿಲ್ಲ. ಗಾಜಿನ ಹೊರಮೈ ಆ ಸೀಟಿನಂತಾಗುತ್ತದೆ.

ಸ್ವಾರಸ್ಯವೆಂದರೆ ಈ ಗಟ್ಟಿ ಗಾಜು ನಿನ್ನೆಯದಲ್ಲ. ಕಾರ್ನಿಂಗಿನ ವಿಜ್ಞಾನಿಗಳು ಇದರ ಪೂರ್ವಜನನ್ನು 1962ರಲ್ಲಿಯೇ ಕೆಮ್‌ಕಾರ್ ಎಂಬ ಹೆಸರಿನಿಂದ ಹೊರತಂದರು. ಕೊಳ್ಳುವವರೇ ಇಲ್ಲ! ಕನ್ನಡಕಕ್ಕೆ, ಕಾರಿನ ಮುಂಗಾಜಿಗೆ ಎಂದೆಲ್ಲ ಯತ್ನಿಸಿ, 1970ರ ದಶಕದ ಆರಂಭದಲ್ಲಿ ಕೈಬಿಟ್ಟರು. ಮೂವತ್ತೈದು ವರ್ಷ ಕಳೆಯಿತು. 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಜಗತ್ತಿಗೆ ತೋರಿದ ಮೊದಲ ಐಫೋನಿನ ಪರದೆಗೆ ಪ್ಲಾಸ್ಟಿಕ್ಕಿನ ಹೊದಿಕೆಯಿತ್ತು. ಜೇಬಿನ ಬೀಗದಕೈ ತಾಕಿದರೆ ಗೀರು ಬೀಳುತ್ತಿತ್ತು. ಗಾಜೇ ಬೇಕೆಂದು ಹಟ ಹಿಡಿದ ಜಾಬ್ಸ್, ಕಾರ್ನಿಂಗ್ ಕಂಪನಿಯ ಮುಖ್ಯಸ್ಥ ವೆಂಡೆಲ್ ವೀಕ್ಸರನ್ನು ಕಂಡ. ತಿಂಗಳುಗಳೊಳಗೆ, ಕೆಂಟಕಿ ರಾಜ್ಯದ ಹ್ಯಾರಡ್ಸ್‌ಬರ್ಗಿನ ಕಾರ್ಖಾನೆಯಲ್ಲಿ ಆ ಗಾಜನ್ನು ಹಾಳೆಯಾಗಿ ಇಳಿಸತೊಡಗಿದರು. ಜೂನ್ 29ರಂದು ಫೋನು ಅಂಗಡಿಗೆ ಬಂದಾಗ ಅದರ ಮೇಲಿದ್ದದ್ದು ಗಾಜು.

ವಾಚಕರು ಇಲ್ಲಿ ಒಂದನ್ನು ಗಮನಿಸಬೇಕು. ಗಾಜಿನ ಊರೆಂದು ಹೆಸರು ಪಡೆದ ಕಾರ್ನಿಂಗಿನಲ್ಲಿ ಈ ಗಾಜು ಹುಟ್ಟುವುದಿಲ್ಲ. ಕಂಪನಿಯ ಕಚೇರಿ ಇಲ್ಲಿದೆ, ಪ್ರಯೋಗಾಲಯ ಹತ್ತಿರದ ಗುಡ್ಡದ ಮೇಲಿದೆ; ಕುಲುಮೆಗಳು ಕೆಂಟಕಿಯಲ್ಲಿ, ಏಷ್ಯಾದಲ್ಲಿ. ಎಲ್ಲ ಐಫೋನುಗಳ ಮುಂಗಾಜನ್ನೂ ಹ್ಯಾರಡ್ಸ್‌ಬರ್ಗಿನಲ್ಲಿಯೇ ಮಾಡಿಸುವುದಾಗಿ ಆಪಲ್ ಕಂಪನಿ 2025ರ ಆಗಸ್ಟಿನಲ್ಲಿ ಸಾರಿತು. ಅದಕ್ಕೆಂದು ಮುಡಿಪಿಟ್ಟ ಮೊತ್ತ 250 ಕೋಟಿ ಡಾಲರು. ಕಾರ್ನಿಂಗಿನ ಪಾಲಿಗೆ ಉಳಿದದ್ದು ಬುದ್ಧಿಯ ಕೆಲಸ ಮತ್ತು ನೆನಪಿನ ಕೆಲಸ. ಮಾರ್ಕೆಟ್ ಸ್ಟ್ರೀಟಿನ ಅಂಗಡಿಯ ವೃದ್ಧರೊಬ್ಬರು ತಮ್ಮ ತಂದೆ, ತಾತ ಇಬ್ಬರೂ ಕುಲುಮೆಯ ಮುಂದೆ ಬೆವರು ಸುರಿಸಿದವರೆಂದು ಹೇಳಿದರು. ತಮ್ಮ ಮಗ ಏನು ಮಾಡುತ್ತಾನೆಂದು ಕೇಳಿದೆ. ಬೇರೆ ರಾಜ್ಯದಲ್ಲಿ ವಿಮೆಯ ಕೆಲಸವಂತೆ.

ಈಗ ಅಕ್ಕನ ಪ್ರಶ್ನೆಗೆ ಬರೋಣ. ಇಷ್ಟು ಕಷ್ಟಪಟ್ಟು ಚಪ್ಪಟೆ ಮಾಡಿದುದನ್ನು ಮತ್ತೆ ಬಗ್ಗಿಸಿದ್ದೇಕೆ?

ಬಗ್ಗುವುದಕ್ಕೆ ಸಾಧ್ಯವಾದದ್ದು ಮೊದಲು ಗಾಜಲ್ಲ, ಗಾಜಿನ ಕೆಳಗಿನ ಪರದೆ. ಹಿಂದಿನ ಪರದೆಗಳಿಗೆ ಬೆನ್ನ ಹಿಂದೊಂದು ದೀಪ ಬೇಕಾಗಿತ್ತು. ಓಎಲ್‌ಇಡಿ ಎಂಬ ಪರದೆಯಲ್ಲಿ ಪ್ರತಿಯೊಂದು ಚುಕ್ಕಿಯೂ ತಾನೇ ಬೆಳಗುತ್ತದೆ. ದೀಪದ ಹಂಗು ಹೋದಮೇಲೆ ಅದನ್ನು ಗಾಜಿನ ಬದಲು ಪಾಲಿಮೈಡ್ ಎಂಬ ತೆಳು ಪ್ಲಾಸ್ಟಿಕ್ಕಿನ ಮೇಲೆ ಹರಡಿದರು, ಕಾಗದದಂತೆ ಬಾಗತೊಡಗಿತು. 2013ರಲ್ಲಿ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಕಂಪನಿಗಳು ಒಂದು ಹೆಂಚಿನಂತೆ, ಮತ್ತೊಂದು ಬಾಳೆಹಣ್ಣಿನಂತೆ ಬಾಗಿದ ಫೋನುಗಳನ್ನು ತಂದವು. 2014ರಲ್ಲಿ ಸ್ಯಾಮ್‌ಸಂಗಿನ ನೋಟ್ ಎಡ್ಜ್ ಬಲಗಡೆ ಮಾತ್ರ ಬಾಗಿತು. 2015ರ ಎಸ್6 ಎಡ್ಜ್ ಎರಡೂ ಕಡೆ. ಅಲ್ಲಿಂದ ಮುಂದೆ ಅದೊಂದು ಪೈಪೋಟಿ. 2019ರಲ್ಲಿ ಚೀನಾದ ಹುವಾವೆ ಕಂಪನಿ 88 ಡಿಗ್ರಿಯಷ್ಟು ಬಗ್ಗಿಸಿತು. ಜಲಪಾತದಂತೆ ಪಕ್ಕಕ್ಕೆ ಧುಮುಕಿದ ಪರದೆಯಿಂದಾಗಿ ಧ್ವನಿಯ ಗುಂಡಿಗೂ ಅಲ್ಲಿ ಜಾಗವುಳಿಯಲಿಲ್ಲ.

ಗಾಜು ಮಾತ್ರ ಕಾಗದವಲ್ಲ. ಅದನ್ನು ಗ್ರಾಫೈಟಿನ ಅಚ್ಚಿನಲ್ಲಿಟ್ಟು, ಮೆತ್ತಗಾಗುವವರೆಗೆ ಕಾಯಿಸಿ, ಒತ್ತಿ, ಬಗ್ಗಿಸಬೇಕು. ಕಾದ ಗಾಜು ಗ್ರಾಫೈಟಿಗೆ ಅಂಟುವುದಿಲ್ಲ, ನಿಜ. ಆದರೆ ಕಲೆ ಬೀಳುತ್ತದೆ. ಆ ಕಲೆಯನ್ನು ಉಜ್ಜಿ ತೆಗೆದು, ಆಮೇಲೆ ಪೆಟ್ಲುಪ್ಪಿನ ಸ್ನಾನ. ಗಾಳಿಯ ಹೊರತು ಏನೂ ಸೋಂಕದಂತೆ ಇಳಿಸಿದ ಮಡಿಯ ಗಾಜನ್ನು ಅಚ್ಚಿಗೆ ಸೋಂಕಿಸಿ ಮೈಲಿಗೆ ಮಾಡಿ, ಮತ್ತೆ ತೊಳೆದು ಮಡಿ ಮಾಡಿದಂತಾಯಿತು!

ಅಂದವಿರಲಿಲ್ಲವೆಂದು ಹೇಳಲಾರೆ. ದೀಪ ಹೊತ್ತಿದಾಗ ಚಿತ್ರ ಅಂಚಿನಿಂದ ಚೆಲ್ಲಿ ಕೈಗೆ ಇಳಿದಂತೆ ಕಾಣುತ್ತಿತ್ತು. ಅಂಗಡಿಯ ಸಾಲಿನಲ್ಲಿ ಕಣ್ಣನ್ನು ಸೆಳೆಯುವುದು ಅದೇ. ಅಗಲವಾದ ಫೋನು ಹಿಡಿಯುವುದಕ್ಕೆ ಕಿರಿದೆನಿಸುತ್ತಿತ್ತೆಂಬುದೂ ಸತ್ಯ. ಆದರೆ ಕೊಳ್ಳುವುದು ಕಣ್ಣಿನಿಂದ, ಬಳಸುವುದು ಕೈಯಿಂದ. ಬಾಗಿದ ಕಡೆ ಕಿಟಕಿಯ ಬೆಳಕು ಬಿದ್ದು ಅಕ್ಷರ ಮರೆಯಾಗುತ್ತದೆ. ಹಿಡಿದ ಅಂಗೈ ತಾನಾಗಿ ಏನನ್ನೋ ಒತ್ತುತ್ತದೆ. ಮೇಲೆ ಅಂಟಿಸುವ ರಕ್ಷಣೆಯ ಗಾಜು ಬಾಗಿನಲ್ಲಿ ಕೂರದು. ಎಲ್ಲಕ್ಕಿಂತ ಮುಖ್ಯವಾಗಿ, ಜಾರಿದ ಫೋನು ನೆಲಕ್ಕೆ ಬೀಳುವುದು ಸಾಮಾನ್ಯವಾಗಿ ಮೂಲೆಯ ಮೇಲೆ, ಇಲ್ಲವೆ ಅಂಚಿನ ಮೇಲೆ. ಚಪ್ಪಟೆ ಫೋನಿನಲ್ಲಿ ಅಲ್ಲಿ ಲೋಹದ ಕಟ್ಟು ಇರುತ್ತದೆ. ಬಾಗಿದುದರಲ್ಲಿ ಗಾಜೇ ಮುಂದೆ ನಿಂತು ಪೆಟ್ಟು ತಿನ್ನಬೇಕು. ಗಾಜೂ ಪರದೆಯೂ ಅಂಟಿಕೊಂಡಿರುವುದರಿಂದ ಒಂದು ಒಡೆದರೆ ಎರಡನ್ನೂ ಬದಲಿಸಬೇಕು. ಆ ಖರ್ಚಿನ ರುಚಿ ಯಾವ ಜಾಹೀರಾತಿನಲ್ಲೂ ಇರಲಿಲ್ಲ.

2020ರ ಹೊತ್ತಿಗೆ ಬಾಗು ಕಡಮೆಯಾಗುತ್ತ ಬಂತು. 2024ರ ಜನವರಿಯಲ್ಲಿ, ಬಾಗನ್ನು ಲೋಕಪ್ರಿಯ ಮಾಡಿದ ಸ್ಯಾಮ್‌ಸಂಗೇ ತನ್ನ ಅತ್ಯುನ್ನತ ಫೋನಾದ ಎಸ್24 ಅಲ್ಟ್ರಾಗೆ ಚಪ್ಪಟೆ ಗಾಜು ಹಾಕಿತು. ಮಡಚುವ ಫೋನುಗಳದು ಬೇರೆಯೇ ಸಂಸಾರ; ಅವುಗಳ ಒಳಪರದೆಗೆ ಕೂದಲಿಗಿಂತಲೂ ತೆಳ್ಳಗಿನ ಗಾಜು ಹಾಕುತ್ತಾರೆ, ಅದು ತಣ್ಣಗಿದ್ದೇ ಬಾಗುತ್ತದೆ.

‘ಪ್ರೀಮಿಯಂ’ ಎಂಬ ಮಾತಿನ ಬಗ್ಗೆಯೂ ಎರಡು ಮಾತು. ನಮ್ಮ ಮನೆಗಳಲ್ಲಿ ಆ ಶಬ್ದಕ್ಕೆ ಇದ್ದ ಅರ್ಥ ಜೀವವಿಮೆಗೆ ಕಟ್ಟುವ ಕಂತು. ತಿಂಗಳ ಕೊನೆಯಲ್ಲಿ ತಂದೆಯವರ ಹಣೆ ಗಂಟಿಕ್ಕುವಂತೆ ಮಾಡುತ್ತಿದ್ದ ಶಬ್ದ. ಈಗ ಅದು ಫೋನಿನ ಮೈಗೆ ಬಂದಿದೆ. ಪ್ಲಾಸ್ಟಿಕ್ ಕೀಳು, ಅಲ್ಯೂಮಿನಿಯಂ ಮೇಲು, ಉಕ್ಕು ಅದಕ್ಕಿಂತ ಮೇಲು, ಟೈಟೇನಿಯಂ ಎಲ್ಲಕ್ಕೂ ಮೇಲು ಎಂಬುದೊಂದು ಜಾತಿಪದ್ಧತಿ ಏರ್ಪಟ್ಟಿದೆ. ಆಪಲ್ 2023ರಲ್ಲಿ ತನ್ನ ಐಫೋನ್ 15 ಪ್ರೊಗೆ ಟೈಟೇನಿಯಂ ತೊಡಿಸಿತು. 2025ರಲ್ಲಿ 17 ಪ್ರೊಗೆ ಮತ್ತೆ ಅಲ್ಯೂಮಿನಿಯಂ. ಟೈಟೇನಿಯಂ ಶಾಖವನ್ನು ಸಾಗಿಸುವುದರಲ್ಲಿ ಅಲ್ಯೂಮಿನಿಯಮ್ಮಿಗಿಂತ ಬಹಳ ಮಂದ. ಒಳಗಿನ ಯಂತ್ರ ಬಿಸಿಯಾದರೆ ಆ ಬಿಸಿ ಹೊರಹೋಗಬೇಕಲ್ಲ? ಬೆನ್ನಿಗೆ ಗಾಜು ಮರಳಿ ಬಂದುದಕ್ಕೂ ಬರಿಯ ಸೊಗಸು ಕಾರಣವಲ್ಲ. ತಂತಿಯಿಲ್ಲದೆ ವಿದ್ಯುತ್ತು ತುಂಬುವುದಕ್ಕೆ ಲೋಹ ಅಡ್ಡಿ. ಹೀಗೆ ಒಂದೊಂದು ವಸ್ತುವಿಗೂ ತನ್ನದೇ ಆದ ಕೆಲಸವಿದೆ. ಮೇಲುಕೀಳು ನಾವು ಹಚ್ಚಿದ್ದು. ಇಷ್ಟಾಗಿ, ಲಕ್ಷ ರೂಪಾಯಿಯ ಲೋಹವನ್ನು ಕೊಂಡವನು ಮನೆಗೆ ಬಂದೊಡನೆ ಮಾಡುವ ಮೊದಲ ಕೆಲಸ ಅದಕ್ಕೆ ಇನ್ನೂರು ರೂಪಾಯಿಯ ರಬ್ಬರಿನ ಅಂಗಿ ತೊಡಿಸುವುದು! ಟೈಟೇನಿಯಂ ಹೇಗಿರುತ್ತದೆಂದು ಬೆರಳಿಗೆ ಎಂದೂ ಗೊತ್ತಾಗುವುದಿಲ್ಲ.

ಇದೆಲ್ಲ ದೂರದ ಮಾತೆಂದು ತಿಳಿಯಬೇಕಿಲ್ಲ. ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ದೇವನಹಳ್ಳಿಯ ಬಳಿಯಲ್ಲಿಯೂ ಇಂದು ಐಫೋನುಗಳ ಜೋಡಣೆ ನಡೆಯುತ್ತಿದೆ. ನನ್ನ ತರಗತಿಯಲ್ಲಿ ಹಳಗನ್ನಡ ಓದಿದ ಹುಡುಗಿಯೊಬ್ಬಳ ತಂಗಿ ಅಂಥದೊಂದು ಕಾರ್ಖಾನೆಯಲ್ಲಿದ್ದಾಳೆ. ಕೈಗೆ ಬಿಳಿ ಚೀಲ ತೊಟ್ಟು ಗಾಜನ್ನು ಎತ್ತಿಡುವಾಗ ಮೊದಲ ವಾರವೆಲ್ಲ ಕೈ ನಡುಗುತ್ತಿತ್ತೆಂದು ಆಕೆ ಅಕ್ಕನಿಗೆ ಹೇಳಿದ್ದಳಂತೆ.

ಸಂಗ್ರಹಾಲಯದಲ್ಲಿ ಹಣ ತೆತ್ತು ನಾವೂ ಗಾಜು ಊದಬಹುದು. ಅಕ್ಕ ಸೆರಗು ಬಿಗಿದು ಕುಳಿತಳು. ಕೆಲಸದ ಹೆಣ್ಣುಮಗಳು ಕೊಳವೆಯನ್ನು ತಿರುಗಿಸುತ್ತಿದ್ದಳು, ಅಕ್ಕ ಕೆನ್ನೆಯುಬ್ಬಿಸಿ ಊದಿದಳು. ಹಸಿರು ಬಣ್ಣದ, ಕಿತ್ತಳೆಯ ಗಾತ್ರದ ಬುರುಡೆಯೊಂದು ಮೂಡಿತು. ಸೀಮಂತದ ಬಳೆಯ ಹಸಿರು ಅದು. ಬಣ್ಣವನ್ನು ಆರಿಸಿದವಳು ಅವಳೇ. ಒಡನೆ ಕೈಗೆ ಕೊಡುವುದಿಲ್ಲ. ರಾತ್ರಿಯೆಲ್ಲ ಬೆಚ್ಚನೆಯ ಗೂಡಿನಲ್ಲಿ ಮೆಲ್ಲಗೆ ತಣಿಯಬೇಕು. ಅವಸರ ಮಾಡಿದರೆ ಸಿಡಿಯುತ್ತದೆ. ಆ ಕಾರಣದಿಂದಲೇ ನಾವು ಅಲ್ಲಿ ಎರಡನೆಯ ದಿನವೂ ಉಳಿದದ್ದು.

ಮರುದಿನ ಬೆಳಿಗ್ಗೆ ಹತ್ತಿಯಂಥ ಕಾಗದದಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಹೊರಬಂದಾಗ ಮಳೆ ನಿಂತು, ಹೊಳೆಯ ಮೇಲೆ ಬಿಸಿಲು ಬಿದ್ದಿತ್ತು. ಕಾರು ಹತ್ತುವ ಮುನ್ನ ಭಾವ ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಹೋದರು.

“ಕೊಡಿ ಇಲ್ಲಿ. ದಾರಿಯುದ್ದಕ್ಕೂ ನಾನೇ ಹಿಡಕೊಂಡಿರ್ತೀನಿ” ಎಂದು ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡಳು.